ವ್ರತದವರಿಗೊಂದು ಬಟ್ಟಲು ಉಸಲಿ

ಶಂಕರನಿಗೆ ದೆಹಲಿಗೆ ವರ್ಗವಾದಾಗ, ಸಾಮಾನಿನ ಲಾರಿಗೆ ಏನು ಹತ್ತಬೇಕು ಏನು ಹತ್ತಬಾರದು ಎಂಬ ವಿಷಯದಲ್ಲಿ ರತ್ನಪ್ರಭಾ ಬಹಳ ಉದಾರವಾಗಿ ನಡೆದುಕೊಂಡಳು. ತವರಿನವರು ಕೊಟ್ಟ ಮಂಚ ಬಿಟ್ಟಳು. ಹೂವಿನ ಕುಂಡಗಳನ್ನು ಬಿಟ್ಟಳು. ಹೊಸದಾಗಿ ಕೊಂಡಿದ್ದ ಗ್ರೈಂಡರನ್ನು ಪಕ್ಕದ ಮನೆಯವರಿಗೆ ದಾನ ಮಾಡಿದಳು. ಕೇಂದ್ರ ಸರ್ಕಾರದ ನೌಕರನ ಹೆಂಡತಿ ಎಂದರೆ ಹೀಗಿರಬೇಕು ಎಂದು ಶಂಕರ ಒಳಗೊಳಗೇ ಹಿಗ್ಗುತ್ತಿದ್ದಾಗ ಅಟ್ಟದಿಂದ ಒಂದರ ಹಿಂದೊಂದು ಮರದ ಪೆಟ್ಟಿಗೆಗಳು ಇಳಿಯತೊಡಗಿದವು. ಅವು ದಸರಾ ಗೊಂಬೆಗಳು. ಅವು ಬರದಿದ್ದರೆ ತಾನೂ ಬರುವುದಿಲ್ಲ ಎಂದು ರತ್ನಪ್ರಭಾ ಒಂದು ಪೆಟ್ಟಿಗೆಯ ಮೇಲೆ ಕೂತೇಬಿಟ್ಟಳು.

ಗೊಂಬೆಗಳು ಅವಳ ಸ್ವಂತದವೇನಲ್ಲ, ಗಂಡನ ಮನೆತನದವು. ಅತ್ತೆ ಗಿರಿಜಮ್ಮನವರು ಮೈಸೂರಿನಲ್ಲಿ ಹಿರಿಯ ಮಗನ ಮನೆಯಲ್ಲಿದ್ದರೂ, ಗೊಂಬೆ ಜೋಡಿಸುವ ಕೈ ಕಿರಿಸೊಸೆಯದೇ ಎಂದು ಅವನ್ನು ರತ್ನಪ್ರಭಾಗೆ ಒಪ್ಪಿಸಿದ್ದರು. ಈಗ ಓರಗಿತ್ತಿ ವಿಜಯಮ್ಮ, ಬಹಳ ಪ್ರೀತಿಯಿಂದಲೇ, "ಅಷ್ಟು ದೂರ ಯಾಕೆ ಹೊತ್ಕೊಂಡು ಹೋಗ್ತೀಯ? ನಮ್ಮನೇಲೇ ಇರ್ಲಿ, ನಾನು ಕೂರಿಸ್ತೀನಿ" ಎಂದಳು. ಆ ಪ್ರೀತಿಯ ಹಿಂದೆ ಖಾಲಿ ಮಾಡಿಟ್ಟ ಒಂದು ಗಾಜಿನ ಅಲಮಾರು ಇದೆ ಎಂಬುದು ರತ್ನಪ್ರಭಾಗೆ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಗಿರಿಜಮ್ಮನವರೇ ತೀರ್ಪು ಕೊಟ್ಟರು. "ತಗೊಂಡು ಹೋಗು. ಒಂದು ವರ್ಷ ನೋಡೋಣ. ಆದ್ರೆ ಗೊಂಬೆ ಕೂರಿಸೋದು ನಾವು ನೋಡ್ಕೊಳ್ಳೋದಕ್ಕಲ್ಲ ಕಣೆ. ನಾಲ್ಕು ಮಕ್ಕಳು ಬಂದು ನೋಡ್ಬೇಕು, ನಾಲ್ಕು ಹೆಂಗಸರು ಅರಿಶಿನ ಕುಂಕುಮ ತಗೋಬೇಕು. ಅಲ್ಲಿ ಯಾರೂ ಬರಲ್ಲ ಅಂತಾದ್ರೆ ಹಬ್ಬ ಮುಗಿದ ಮೇಲೆ ವಾಪಸ್ ಕಳಿಸು, ವಿಜಯನ ಮನೇಲಿ ಇರ್ಲಿ."

ದೆಹಲಿಯ ಜನಕಪುರಿಯಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆ ಸಿಕ್ಕಿತು. ಅವರು ಬಂದಿಳಿದದ್ದು ಜೂನ್ ತಿಂಗಳಲ್ಲಿ. ತಣ್ಣೀರಿನ ನಲ್ಲಿಯಲ್ಲೇ ಸ್ನಾನಕ್ಕೆ ಬೇಕಾದಷ್ಟು ಬಿಸಿನೀರು ಬರುತ್ತಿತ್ತು, ಬಿಸಿನೀರಿನ ನಲ್ಲಿಯ ತಂಟೆಗೆ ಯಾರೂ ಹೋಗಲಿಲ್ಲ. ತರಕಾರಿ ಗಾಡಿಯವನು ಏನು ಕೊಂಡರೂ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಪುಕ್ಕಟೆ ಹಾಕುತ್ತಿದ್ದ. ಕರಿಬೇವು ಕೇಳಿದರೆ ಮಾತ್ರ ಚಿನ್ನ ಕೇಳಿದವರಂತೆ ನೋಡುತ್ತಿದ್ದ. ರತ್ನಪ್ರಭಾ ಹುಡುಗಿಯಾಗಿದ್ದಾಗ ಹಿಂದಿ ಪರೀಕ್ಷೆಗಳನ್ನೆಲ್ಲ ಮೊದಲ ದರ್ಜೆಯಲ್ಲಿ ಪಾಸು ಮಾಡಿದವಳು. ಆ ಧೈರ್ಯದಿಂದ ಮೊದಲ ದಿನ ಗಾಡಿಯವನ ಮುಂದೆ ನಿಂತು, "ಭಯ್ಯಾ, ಕೃಪಯಾ ಮುಝೇ ಆಧಾ ಕಿಲೋ ಭಿಂಡಿ ಪ್ರದಾನ ಕೀಜಿಯೇ" ಎಂದಳು. ಅವನು ತಕ್ಕಡಿ ಕೆಳಗಿಟ್ಟು ಕೈಮುಗಿದ. ಎಂಟು ವರ್ಷದ ಮಗಳು ಪ್ರೇರಣಾ ಪಕ್ಕದಲ್ಲಿ ನಿಂತು ನಾಚಿಕೆಯಿಂದ ಕರಗಿಹೋದಳು. "ಅಮ್ಮ, ನೀನು ಮೆಟ್ರೋ ಅನೌನ್ಸ್‌ಮೆಂಟ್ ಥರ ಬೋಲ್ತೀಯ" ಎಂದು ಮನೆಗೆ ಬಂದು ಹೇಳಿದಳು. ಶಾಲೆಗೆ ಸೇರಿ ಎರಡು ತಿಂಗಳಾಗುವ ಹೊತ್ತಿಗೆ ಅವಳ ಕನ್ನಡದ ಬಾಲಕ್ಕೆ ಹಿಂದಿ ಗಂಟುಬಿದ್ದಿತ್ತು.

ನೆಲ ಅಂತಸ್ತಿನ ಬಾಗಿಲಲ್ಲಿ 'ಕಮಲೇಶ್ ಅರೋರಾ' ಎಂಬ ಫಲಕ ಇತ್ತು. ಯಾರೋ ನಿವೃತ್ತ ಅಧಿಕಾರಿ ಇರಬೇಕೆಂದು ರತ್ನಪ್ರಭಾ ತಲೆಯ ಮೇಲೆ ಸೆರಗೆಳೆದುಕೊಂಡು ಓಡಾಡುತ್ತಿದ್ದಳು. ಒಂದು ದಿನ ಆ ಬಾಗಿಲಿನಿಂದ ಸಲ್ವಾರ್ ತೊಟ್ಟ, ಗಟ್ಟಿ ದನಿಯ, ಬೆಳ್ಳಿಗೂದಲ ಹೆಂಗಸೊಬ್ಬರು ಹೊರಬಂದು ತಾವೇ ಕಮಲೇಶ್ ಎಂದರು. ಮೊದಲ ಮಹಡಿಯಲ್ಲಿದ್ದವರು ಪಿಂಕಿ ಭಾಭಿ. ಮಗಳಿಗೆ ಮದುವೆ ಮಾಡಿ ಕಳಿಸಿದ್ದರೂ ಅವರು ಇಡೀ ಬ್ಲಾಕಿಗೆ ಪಿಂಕಿಯೇ. ಇಬ್ಬರೂ ಒಳ್ಳೆಯವರು. ಬಂದ ಮೊದಲ ವಾರವೇ ನೀರಿನ ಮೋಟಾರ್ ಯಾವಾಗ ಹಾಕಬೇಕು, ಕೋತಿ ಬಂದರೆ ಯಾವ ಕಿಟಕಿ ಮುಚ್ಚಬೇಕು ಎಂದು ಹೇಳಿಕೊಟ್ಟಿದ್ದರು. ಇವರಿಬ್ಬರು ಬಂದರೆ ಹಬ್ಬ ಗೆದ್ದಂತೆ ಎಂದು ರತ್ನಪ್ರಭಾ ಲೆಕ್ಕ ಹಾಕಿದ್ದಳು.

ನವರಾತ್ರಿಯ ಪಾಡ್ಯದ ದಿನ ನಡುಮನೆಯಲ್ಲಿ ಮೆಟ್ಟಿಲುಗಳು ಎದ್ದವು. ಸಾಮಾನು ಬಂದಿದ್ದ ರಟ್ಟಿನ ಡಬ್ಬಿಗಳು, ಟ್ರಂಕುಗಳು, ಶಂಕರನ ಹಳೆಯ ಪರೀಕ್ಷಾ ಪುಸ್ತಕಗಳು ಒಂದರ ಮೇಲೊಂದು ಕೂತು ಸರೋಜಿನಿ ನಗರದ ಮಾರ್ಕೆಟ್ಟಿನಿಂದ ತಂದ ಕೆಂಪು ಬಟ್ಟೆ ಹೊದ್ದುಕೊಂಡವು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿಯರು. ಅವರ ಕೆಳಗೆ ದಶಾವತಾರ, ಮದುವೆ ದಿಬ್ಬಣ, ಜಂಬೂ ಸವಾರಿಯ ಆನೆ. ಎಲ್ಲಕ್ಕಿಂತ ಕೆಳಗೆ ಹೊಟ್ಟೆ ಬಿಟ್ಟುಕೊಂಡು ಕೂತ ಶೆಟ್ಟಿ ಮತ್ತು ಶೆಟ್ಟಮ್ಮ, ಅವರ ಮುಂದೆ ಅಕ್ಕಿ ಬೇಳೆಯ ಅಂಗಡಿ. ಪ್ರೇರಣಾ ತನ್ನ ಪಾಲಿನದೆಂದು ಒಂದು ಪ್ಲಾಸ್ಟಿಕ್ ಮೆಟ್ರೋ ರೈಲನ್ನು ಜಂಬೂ ಸವಾರಿಯ ಹಿಂದೆ ನಿಲ್ಲಿಸಿದಳು. ಆನೆಗೆ ಅದರಿಂದ ಏನೂ ತೊಂದರೆಯಾದಂತೆ ಕಾಣಲಿಲ್ಲ.

"ಮೈಸೂರಲ್ಲಾದ್ರೆ ಮಕ್ಕಳು ಗುಂಪು ಕಟ್ಕೊಂಡು ಮನೆಮನೆಗೆ ಹೋಗ್ತಾರೆ" ಎಂದು ರತ್ನಪ್ರಭಾ ಬತ್ತಿ ಹೊಸೆಯುತ್ತ ಮಗಳಿಗೆ ಹೇಳಿದಳು. "ಬಾಗಿಲಲ್ಲಿ ನಿಂತು 'ಗೊಂಬೆ ಕೂರ್ಸಿದೀರಾ?' ಅಂತ ಕೇಳ್ತಾರೆ. ಕೂರಿಸಿದ ಮನೆಯವರು ಒಳಗೆ ಕರೆದು ತಿಂಡಿ ಕೊಡ್ತಾರೆ."

"ಯಾರನ್ನ ಬೇಕಾದ್ರೂ?"

"ಯಾರನ್ನ ಬೇಕಾದ್ರೂ."

ಮೊದಲ ಸಂಜೆ ಕಮಲೇಶ್ ಆಂಟಿ, ಪಿಂಕಿ ಭಾಭಿ, ಜೊತೆಗೆ ಎದುರು ಸಾಲಿನ ಕೆಲವರು ಬಂದರು. ಗೊಂಬೆಗಳನ್ನು ಕಂಡು ಬಾಯ್ತುಂಬ ಹೊಗಳಿದರು, ಫೋಟೋ ತೆಗೆದರು, ಮೆಟ್ರೋ ರೈಲು ಕಂಡು ನಕ್ಕರು. ರತ್ನಪ್ರಭಾ ಅವರಿಗೆ ಅರಿಶಿನ ಕುಂಕುಮ ಕೊಟ್ಟು, ಒಬ್ಬೊಬ್ಬರ ಕೈಗೂ ಬಿಸಿಬಿಸಿ ಕಡಲೆ ಉಸಲಿಯ ದೊನ್ನೆ ಇಟ್ಟಳು. ಮೇಲೆ ತೆಂಗಿನ ತುರಿ, ಇಂಗಿನ ಒಗ್ಗರಣೆ, ಚಿನ್ನದ ಬೆಲೆಯ ಕರಿಬೇವು. ದೊನ್ನೆ ಕೈಗೆ ಬಂದೊಡನೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ವ್ರತ ಹೈ, ಬೇಟಾ" ಎಂದರು ಕಮಲೇಶ್ ಆಂಟಿ ಮೆತ್ತಗೆ.

ಇಲ್ಲಿ ಒಂದು ಮಾತು ಹೇಳಬೇಕು. ರತ್ನಪ್ರಭಾ ಹುಟ್ಟಿ ಬೆಳೆದ ಕಡೆ ವ್ರತ ಎಂದರೆ ಅನ್ನ ಬಿಡುವುದು. ಅನ್ನ ಬಿಟ್ಟವರು ಉಪವಾಸ ಬೀಳುವುದಿಲ್ಲ. ಅವಲಕ್ಕಿ, ಉಪ್ಪಿಟ್ಟು, ಉಸಲಿ ಎಂದು ಫಲಾಹಾರ ಮಾಡುತ್ತಾರೆ. ಅವಳ ಸೋದರತ್ತೆಯೊಬ್ಬರು ಏಕಾದಶಿಯ ದಿನ ಮಾಡುತ್ತಿದ್ದ ಫಲಾಹಾರ ನೋಡಿದರೆ ಉಳಿದವರಿಗೆ ತಾವೇ ಉಪವಾಸವಿದ್ದೇವೆ ಅನ್ನಿಸುತ್ತಿತ್ತು. ಹಾಗಾಗಿ 'ವ್ರತ' ಎಂಬ ಮಾತು ಕಿವಿಗೆ ಬಿದ್ದೊಡನೆ ರತ್ನಪ್ರಭಾಳ ಮುಖ ಅರಳಿತು.

"ವ್ರತಕ್ಕೆಂದೇ ಮಾಡಿದ್ದು" ಎಂದು ಅವಳು ತನ್ನ ಮೊದಲ ದರ್ಜೆಯ ಹಿಂದಿಯಲ್ಲಿ ಹೇಳಿದಳು. "ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಸಂಕೋಚ ಮಾಡಬೇಡಿ." ಹೇಳುತ್ತಲೇ ಪ್ರತಿಯೊಬ್ಬರಿಗೂ ಇನ್ನೊಂದು ಸೌಟು ಬಡಿಸಿದಳು.

ಅವರು ದೊನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮನೆಗೆ ಒಯ್ಯುತ್ತೇವೆ ಎಂದು ಹೇಳಿ ಇಳಿದುಹೋದರು. ಮರುದಿನ ಬಂದವರು ಕಮಲೇಶ್ ಆಂಟಿ ಮತ್ತು ಪಿಂಕಿ ಭಾಭಿ ಇಬ್ಬರೇ. ಕಡಲೆ ಅವರಿಗೆ ಹಿಡಿಸಲಿಲ್ಲವೇನೋ ಎಂದು ರತ್ನಪ್ರಭಾ ಅಂದು ಗೋಡಂಬಿ ಹಾಕಿ ಉಪ್ಪಿಟ್ಟು ಮಾಡಿದ್ದಳು. ಅವರು ಮತ್ತೆ ವ್ರತ ಎಂದರು. ಅದಕ್ಕೇ ಅಲ್ಲವೇ ಎಂದು ಇವಳು ಇನ್ನಷ್ಟು ಬಡಿಸಿದಳು. ಪಿಂಕಿ ಭಾಭಿ ತಟ್ಟೆಯನ್ನು ನೋಡಿದ ಪರಿ ಕಂಡರೆ ಅವರಿಗೆ ಹಸಿವಿರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಆದರೂ ಒಂದು ಗೋಡಂಬಿಯನ್ನು ಸಹ ಬಾಯಿಗೆ ಹಾಕಿಕೊಳ್ಳದೆ, ತಲೆನೋವು ಎಂದು ಹೇಳಿ ಎದ್ದರು.

ಮೂರನೆಯ ಸಂಜೆಯಿಂದ ಯಾರೂ ಬರಲಿಲ್ಲ. ಮಕ್ಕಳ ವಿಷಯ ಕೇಳುವುದೇ ಬೇಡ. ಪಾರ್ಕಿನ ಪಕ್ಕದ ಮೈದಾನದಲ್ಲಿ ರಾಮಲೀಲಾ ನಡೆಯುತ್ತಿತ್ತು, ಅಲ್ಲಿ ತಿರುಗುವ ತೊಟ್ಟಿಲು, ಬಣ್ಣದ ಮಿಠಾಯಿ, ತಗಡಿನ ಗದೆ ಎಲ್ಲ ಇದ್ದವು. ಸೂರ್ಯ ಮುಳುಗುವ ಮೊದಲೇ ಬ್ಲಾಕಿನ ಮಕ್ಕಳೆಲ್ಲ ಅತ್ತ ಓಡುತ್ತಿದ್ದವು. ರತ್ನಪ್ರಭಾ ರೇಷ್ಮೆ ಸೀರೆ ಉಟ್ಟು, ಬಾಗಿಲು ತೆರೆದಿಟ್ಟು, ಉಸಲಿ ಆರದಂತೆ ತಟ್ಟೆ ಮುಚ್ಚಿ ಕಾಯುತ್ತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಎದ್ದು ನಿಲ್ಲುತ್ತಿದ್ದಳು. ಮೇಲಿನ ಮನೆಯವರು ಅವಳ ಬಾಗಿಲ ಮುಂದೆ ತುದಿಗಾಲಲ್ಲಿ ದಾಟುವುದನ್ನು ಒಂದು ಸಂಜೆ ಅವಳು ಕಣ್ಣಾರೆ ಕಂಡಳು.

ಉಸಲಿಯ ಪಾಡು ಹೇಳತೀರದು. ಪ್ರೇರಣಾ ತಿಂದಳು. ಶಂಕರ ತಿಂದ, ಆಫೀಸಿಗೆ ಡಬ್ಬಿ ತುಂಬಿಸಿಕೊಂಡು ಹೋದ, ಅವನ ಸೆಕ್ಷನ್ನಿನವರು ತಿಂದರು. ಹೆಸರುಕಾಳು, ಕಡಲೆ, ಬಟಾಣಿ, ಅಲಸಂದೆ ಎಂದು ದಿನಕ್ಕೊಂದು ಕಾಳು ಸರದಿಯಂತೆ ಬರುತ್ತಿದ್ದುದರಿಂದ ಅವನ ಹೊಟ್ಟೆ ಕುಕ್ಕರಿನಂತೆ ಸದ್ದು ಮಾಡತೊಡಗಿತು.

"ರತ್ನಾ, ನಾಳೆ ಸ್ವಲ್ಪ ಕಮ್ಮಿ ಮಾಡು."

"ನಾಳೆ ಜನ ಬಂದ್ರೆ?"

"ಬಂದ್ರೆ ಬಿಸ್ಕತ್ತು ಕೊಡೋಣ."

ಗಂಡನಿಗೆ ಅವಳು ಆ ಸಂಜೆ ಇನ್ನೊಂದು ಡಬ್ಬಿ ತುಂಬಿಸಿಟ್ಟಳು.

ದಿನವೂ ದೀಪ ಹಚ್ಚಿದ ಮೇಲೆ ಗಿರಿಜಮ್ಮನವರ ವಿಡಿಯೊ ಕಾಲ್ ಬರುತ್ತಿತ್ತು. "ಬಂದಿದ್ರೇನೆ?" ಎಂಬುದು ಅವರ ಮೊದಲ ಮಾತು. ಮೊದಲೆರಡು ದಿನ ರತ್ನಪ್ರಭಾ ನಿಜ ಹೇಳಿದಳು. ಮೂರನೆಯ ದಿನ, "ಹೂಂ ಅತ್ತೆ, ಬಂದಿದ್ರು" ಎಂದು ಬಾಯಿಂದ ತಾನಾಗಿ ಜಾರಿತು. ನಾಲ್ಕನೆಯ ದಿನ ಆ ಸುಳ್ಳಿಗೆ ಮಕ್ಕಳು ಹುಟ್ಟಿಕೊಂಡವು. ಐದನೆಯ ದಿನ ಅದರಲ್ಲೊಂದು ಮಗು ಹಾಡನ್ನೂ ಹಾಡಿತು. ಪಕ್ಕದಲ್ಲಿ ಕೂತ ಪ್ರೇರಣಾ ಬಾಯಿ ತೆರೆದರೆ ರತ್ನಪ್ರಭಾ ಅವಳ ತೊಡೆ ಚಿವುಟುತ್ತಿದ್ದಳು. ಫೋನಿಟ್ಟ ಮೇಲೆ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಸುಳ್ಳು ಹೇಳಿ ಉಳಿಸಿಕೊಂಡ ಗೊಂಬೆಗಳನ್ನು ಮುಂದಿನ ವರ್ಷ ಯಾವ ಮುಖ ಇಟ್ಟುಕೊಂಡು ಜೋಡಿಸುವುದು ಎಂದು ಯೋಚನೆಯಾಗುತ್ತಿತ್ತು. ವಿಜಯಮ್ಮನ ಗಾಜಿನ ಅಲಮಾರು ಕಣ್ಣ ಮುಂದೆ ಬರುತ್ತಿತ್ತು.

ಸಪ್ತಮಿಯ ಮಧ್ಯಾಹ್ನ ಬಟ್ಟೆ ಒಣಹಾಕುತ್ತ ಅವಳು ಕೆಳಗೆ ಬಗ್ಗಿ ನೋಡಿದಳು. ಕಮಲೇಶ್ ಆಂಟಿ ತಮ್ಮ ಅಂಗಳದ ಕುರ್ಚಿಯಲ್ಲಿ ಕೂತು, ತಟ್ಟೆ ತುಂಬ ತುಪ್ಪದಲ್ಲಿ ಹುರಿದ ಆಲೂಗೆಡ್ಡೆ ಇಟ್ಟುಕೊಂಡು, ಮೊಸರಿನ ಜೊತೆ ಸಾವಕಾಶವಾಗಿ ತಿನ್ನುತ್ತಿದ್ದರು. ಪಕ್ಕದಲ್ಲಿ ಪಿಂಕಿ ಭಾಭಿ, ಅವರ ಕೈಯಲ್ಲೂ ಒಂದು ತಟ್ಟೆ.

ರತ್ನಪ್ರಭಾ ಕೈಯಲ್ಲಿದ್ದ ಟವೆಲನ್ನು ಹಿಂಡುತ್ತಲೇ ನಿಂತಳು. ಅದರಲ್ಲಿ ನೀರು ಎಂದೋ ಮುಗಿದಿತ್ತು. ವ್ರತವಂತೆ. ಉಸಲಿ ಸೇರದು, ಉಪ್ಪಿಟ್ಟು ಸೇರದು, ಆಲೂಗೆಡ್ಡೆ ಮಾತ್ರ ತಟ್ಟೆ ತುಂಬ ಸೇರುತ್ತದೆ. ಇಷ್ಟವಿಲ್ಲ ಎಂದು ನೇರವಾಗಿ ಹೇಳಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

"ಈ ಊರಿನ ಸಹವಾಸ ಸಾಕು ಕಣ್ರೀ" ಎಂದಳು ಸಂಜೆ ಗಂಡನಿಗೆ. "ಪೆಟ್ಟಿಗೆ ಇಳಿಸಿಡಿ. ಹಬ್ಬ ಮುಗಿದ ತಕ್ಷಣ ಗೊಂಬೆ ಮೈಸೂರಿಗೆ ಕಳಿಸಿಬಿಡೋಣ. ಅತ್ತೆಗೆ ನಾಳೆ ನಿಜ ಹೇಳಿಬಿಡ್ತೀನಿ."

ಶಂಕರ ಸಮಾಧಾನ ಮಾಡಲು ಬಾಯಿ ತೆರೆದ. ಅವಳ ಕಣ್ಣಲ್ಲಿ ನೀರು ಕಂಡು, "ಅಚ್ಛಾ" ಎಂದಷ್ಟೇ ಹೇಳಿ ಪೆಟ್ಟಿಗೆ ಇಳಿಸಲು ಹೋದ.

ಅಷ್ಟಮಿಯ ದಿನ ಬೆಳಿಗ್ಗೆ ಕಾಫಿಗೆ ಹಾಲಿಡುವ ಮೊದಲೇ ಬಾಗಿಲ ಗಂಟೆ ಸದ್ದಾಯಿತು. ಕಮಲೇಶ್ ಆಂಟಿ ನಿಂತಿದ್ದರು. ಸ್ನಾನ ಮುಗಿಸಿ ಕೆಂಪು ದುಪಟ್ಟಾ ಹೊದ್ದಿದ್ದರು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು.

"ಪ್ರೇರಣಾಳನ್ನು ಕಳಿಸು ಬೇಟಾ. ಮೊದಲು ನನ್ನ ಮನೆಗೆ. ಪಿಂಕಿ ಕರೆದರೂ ಕಳಿಸಬೇಡ."

ಏಕೆ, ಏನು ಎಂದು ರತ್ನಪ್ರಭಾ ಕೇಳುವಷ್ಟರಲ್ಲಿ ಪ್ರೇರಣಾ ಹಾಸಿಗೆಯಿಂದ ಹಾರಿ ಬಂದಳು. "ಅಮ್ಮ, ಕಂಜಕ್ ಹೈ ನಾ. ಇವತ್ತು ಗರ್ಲ್ಸ್‌ನೆಲ್ಲ ದೇವಿ ಮಾಡ್ತಾರೆ. ಕಾಲು ತೊಳೆದು, ಪೂರಿ, ಹಲ್ವಾ ಕೊಟ್ಟು, ಗಿಫ್ಟ್ ಭೀ ಕೊಡ್ತಾರೆ. ಪ್ಲೀಸ್ ಅಮ್ಮ. ನನ್ನದು ಪೂರಾ ಬುಕ್ ಆಗಿದೆ."

ಹುಡುಗಿ ಸುಳ್ಳು ಹೇಳಿರಲಿಲ್ಲ. ಅಷ್ಟಮಿಯ ಬೆಳಿಗ್ಗೆ ಇಡೀ ಬ್ಲಾಕಿನ ಮನೆಮನೆಯಲ್ಲೂ ಪುಟ್ಟ ಹೆಣ್ಣುಮಕ್ಕಳನ್ನು ಕೂರಿಸಿ ಪೂಜೆ ಮಾಡುತ್ತಾರೆ. ಪೂಜೆ ಮಾಡುವ ಮನೆಗಳು ಬಹಳ, ಹುಡುಗಿಯರು ಕಮ್ಮಿ. ಹಾಗಾಗಿ ಇರುವ ಹುಡುಗಿಯರ ಗುಂಪು ಮನೆಯಿಂದ ಮನೆಗೆ ಓಡಬೇಕು, ಮನೆಯವರು ಬಾಗಿಲಲ್ಲಿ ಕಾಯಬೇಕು. ಕಮಲೇಶ್ ಆಂಟಿಯ ಮೇಲೆ ಸಿಟ್ಟಿದ್ದರೂ ದೇವಿ ಮಾಡುತ್ತೇನೆ ಎಂದು ಬಂದವರಿಗೆ ಇಲ್ಲ ಎನ್ನುವುದು ಹೇಗೆ? ರತ್ನಪ್ರಭಾ ಮಗಳಿಗೆ ಸ್ನಾನ ಮಾಡಿಸಿ, ರೇಷ್ಮೆ ಲಂಗ ಉಡಿಸಿ, ಎರಡು ಜಡೆ ಹಾಕಿ ಕಳಿಸಿದಳು. ಕಾಳು ನೆನೆಹಾಕಿದ್ದಾಗಿತ್ತಲ್ಲ, ಇದೇ ಕೊನೆಯ ಉಸಲಿ ಎಂದುಕೊಂಡು ಒಲೆ ಹಚ್ಚಿದಳು. ಅಂದಿನ ಸರದಿ ಮತ್ತೆ ಕಪ್ಪು ಕಡಲೆಯದು.

ಒಗ್ಗರಣೆ ಚಟಪಟ ಎನ್ನುತ್ತಿದ್ದಾಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಈ ಸಲ ಯಾರೂ ತುದಿಗಾಲಲ್ಲಿ ನಡೆಯುತ್ತಿರಲಿಲ್ಲ. ರತ್ನಪ್ರಭಾ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಹೊಸ್ತಿಲಾಚೆ ಹುಡುಗಿಯರ ಹಿಂಡು ನಿಂತಿತ್ತು. ಒಬ್ಬಳಿಗೆ ಮುಂದಿನ ಹಲ್ಲಿಲ್ಲ, ಒಬ್ಬಳು ಅಕ್ಕನ ಸೊಂಟದ ಮೇಲಿದ್ದಾಳೆ. ಎಲ್ಲರ ಮುಂದೆ ಪ್ರೇರಣಾ. ಅವಳು ಬೆರಳೆತ್ತಿ ಒನ್, ಟೂ, ಥ್ರೀ ಎಂದಳು.

"ಗೊಂಬೆ ಕೂರ್ಸಿದೀರಾ?" ಎಂದು ಹಿಂಡು ಒಂದೇ ಗಂಟಲಲ್ಲಿ, ಅಪ್ಪಟ ದೆಹಲಿಯ ರಾಗದಲ್ಲಿ ಕೇಳಿತು.

ರತ್ನಪ್ರಭಾ ಸೌಟು ಹಿಡಿದ ಕೈಯಿಂದಲೇ ಬಾಗಿಲನ್ನು ಅಗಲಕ್ಕೆ ತೆರೆದಳು. ಪ್ರೇರಣಾಳೇ, "ಹೇಳಮ್ಮ, ಕೂರ್ಸಿದೀವಿ ಅಂತ ಹೇಳು" ಎಂದು ಜ್ಞಾಪಿಸಿದಳು. ಆಮೇಲೆ ತಿಳಿದದ್ದು ಇಷ್ಟು: ಪ್ರೇರಣಾಳ ರೇಷ್ಮೆ ಲಂಗ ಕಂಡ ಹುಡುಗಿಯರು ಇದೇನಿದು ಎಂದು ಕೇಳಿದ್ದರು. ನಮ್ಮನೆಯಲ್ಲಿ ರಾಜ, ರಾಣಿ, ಆನೆ, ಸೈನ್ಯ ಎಲ್ಲ ಇದೆ, ಅದಕ್ಕೇ ಹೀಗೆ ಎಂದು ಇವಳು ಜಂಬ ಕೊಚ್ಚಿದ್ದಳು. ಮೊದಲ ಮನೆಗೂ ಹೋಗದೆ ಗುಂಪು ಸೀದಾ ಮೂರನೆಯ ಮಹಡಿ ಹತ್ತಿತ್ತು.

ಹುಡುಗಿಯರು ಗೊಂಬೆಗಳ ಮುಂದೆ ನೆಲದ ಮೇಲೆ ಕೂತರು. ಶೆಟ್ಟಮ್ಮನ ಅಂಗಡಿಯ ಅಕ್ಕಿ ಬೇಳೆಗಳು ಕ್ಷಣದಲ್ಲಿ ಬೆರೆತುಹೋದವು. ಜಂಬೂ ಸವಾರಿಯ ಆನೆ ಮೆಟ್ರೋ ಹತ್ತಿತು. ರತ್ನಪ್ರಭಾಗೆ ಏನು ಮಾಡಲೂ ತೋಚಲಿಲ್ಲ, ತೋಚಿದ್ದು ಒಂದೇ: ಮಕ್ಕಳು ಹಸಿದಿವೆ. ದೊನ್ನೆ ತುಂಬ ಉಸಲಿ, ಅದರ ಮೇಲೊಂದು ಕೊಬ್ಬರಿ ಮಿಠಾಯಿ. ಬೆಳಗಿನಿಂದ ಏನೂ ತಿನ್ನದ ಹುಡುಗಿಯರು ಬಾಚಿ ತಿಂದರು, ಮತ್ತೆ ಕೇಳಿ ತಿಂದರು. ರತ್ನಪ್ರಭಾ ಬಡಿಸುತ್ತಲೇ ಇದ್ದಳು. ಒಳಗೆಲ್ಲೋ ಫೋನ್ ರಿಂಗಾದದ್ದು ಅವಳಿಗೆ ಕೇಳಲಿಲ್ಲ.

ಇತ್ತ ಬ್ಲಾಕಿನಲ್ಲಿ ಹಾಹಾಕಾರವಾಗಿತ್ತು. ಎಂಟು ದಿನ ವ್ರತ ಹಿಡಿದ ಹೆಂಗಸರು ನಸುಕಿನಲ್ಲೆದ್ದು ಪೂರಿ ಕರಿದು, ಹಲ್ವಾ ಮಗುಚಿ, ಹುಡುಗಿಯರಿಗಾಗಿ ಕಾಯುತ್ತಿದ್ದರು. ದೇವಿಯರು ಉಂಡ ಮೇಲೆಯೇ ಅವರ ಉಪವಾಸ ಬಿಡುವುದು. ದೇವಿಯರು ನಾಪತ್ತೆ. ಪಿಂಕಿ ಭಾಭಿ ಕಮಲೇಶ್ ಆಂಟಿ ಬಚ್ಚಿಟ್ಟಿದ್ದಾರೆಂದರು, ಕಮಲೇಶ್ ಆಂಟಿ ಎದುರು ಸಾಲಿನವರು ಅಪಹರಿಸಿದ್ದಾರೆಂದರು. ಪಾರ್ಕು, ಗೇಟು, ಟೆರೇಸು ಎಲ್ಲ ಹುಡುಕಿ ಕೊನೆಗೆ ನಗುವಿನ ಸದ್ದಿನ ಜಾಡು ಹಿಡಿದು ಎಲ್ಲರೂ ಮೇಲೆ ಬಂದರು.

ಬಾಗಿಲಲ್ಲಿ ನಿಂತ ಕಮಲೇಶ್ ಆಂಟಿ ಖಾಲಿ ದೊನ್ನೆಗಳನ್ನು ನೋಡಿದರು. "ತಿನ್ನಿಸಿಬಿಟ್ಟೆಯಾ?" ಎಂದು ಗೋಡೆಗೆ ಒರಗಿದರು.

"ಹೊಟ್ಟೆ ಫುಲ್" ಎಂದು ಮುಂದಿನ ಹಲ್ಲಿಲ್ಲದ ದೇವಿ ಘೋಷಿಸಿದಳು.

"ನಿಮಗಂತೂ ನನ್ನ ಉಸಲಿ ಸೇರಲಿಲ್ಲ" ಎಂದಳು ರತ್ನಪ್ರಭಾ. ಎಂಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂದಿತ್ತು. ಆದರೆ ಹಿಂದಿ ಮಾತ್ರ ಪರೀಕ್ಷೆಯದೇ. "ಮಕ್ಕಳಿಗೆ ಸೇರಿತು. ನೀವು ವ್ರತ ಎಂದು ಹೇಳಿ, ನಿನ್ನೆ ಆಲೂಗೆಡ್ಡೆ ಭಕ್ಷಣೆ ಮಾಡುತ್ತಿದ್ದುದನ್ನು ನಾನು ಸ್ವಯಂ ಕಂಡಿದ್ದೇನೆ."

ಹೆಂಗಸರು ತಬ್ಬಿಬ್ಬಾದರು. "ಆಲೂ ವ್ರತದ್ದೇ ಅಲ್ಲವೇ?" ಎಂದರು ಪಿಂಕಿ ಭಾಭಿ. "ಕಾಳು, ಬೇಳೆ, ರವೆ ಮುಟ್ಟುವ ಹಾಗಿಲ್ಲ. ನೀನು ದಿನಾ ಅದನ್ನೇ ಕೊಡುತ್ತಿದ್ದೆ. ಆ ಗೋಡಂಬಿ ಉಪ್ಪಿಟ್ಟಿನ ವಾಸನೆಗೆ ನಾನು ಅಂದು ನಿದ್ದೆ ಮಾಡಿಲ್ಲ. ಬಂದರೆ ಮತ್ತೆ ಬಡಿಸುತ್ತೀ ಎಂದು ಹೆದರಿ ಬರಲಿಲ್ಲ."

"ನಮ್ಮಲ್ಲಿ ವ್ರತಕ್ಕೆ ಅದನ್ನೇ ತಿನ್ನೋದು" ಎಂದಳು ರತ್ನಪ್ರಭಾ. ಅವಳ ದನಿ ಸಣ್ಣಗಾಗಿತ್ತು.

"ಕಡಲೆ ತಿಂದು ಉಪವಾಸವೇ?" ಕಮಲೇಶ್ ಆಂಟಿ ಬೆರಗಾದರು.

"ಆಲೂಗೆಡ್ಡೆ ತಿಂದು ಉಪವಾಸವೇ?" ರತ್ನಪ್ರಭಾಳೂ ಬೆರಗಾದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಯಾರು ಎಂದು ಗೊತ್ತಾಗಲಿಲ್ಲ. ಪಿಂಕಿ ಭಾಭಿ ಮಾತ್ರ ನಗಲಿಲ್ಲ, ಅವರಿಗೆ ತಲೆ ಸುತ್ತುತ್ತಿತ್ತು. "ನಗುವುದು ಆಮೇಲೆ. ಇವರು ಒಂದು ತುತ್ತಾದರೂ ತಿನ್ನದಿದ್ದರೆ ನಾವು ಸಾಯುತ್ತೇವೆ" ಎಂದರು.

ಮಕ್ಕಳು ಅಲ್ಲಿಂದ ಏಳಲು ತಯಾರಿಲ್ಲ, ಹೊಟ್ಟೆಯಲ್ಲಿ ಜಾಗವಿಲ್ಲ. ತಪ್ಪು ತನ್ನದೇ, ಸರಿ ಮಾಡಬೇಕಾದವಳೂ ತಾನೇ ಎಂದು ರತ್ನಪ್ರಭಾಗೆ ಅನ್ನಿಸಿತು. "ಪೂಜೆ ಇಲ್ಲೇ ಮಾಡಿ" ಎಂದಳು. "ಎಲ್ಲರೂ ತಟ್ಟೆಗಳನ್ನ ಮೇಲಕ್ಕೆ ತನ್ನಿ. ತಿನ್ನಿಸೋದು ನನಗೆ ಬಿಡಿ."

ತಟ್ಟೆಗಳು ಬಂದವು. ಗೊಂಬೆಗಳ ಮುಂದೆ ಹುಡುಗಿಯರು ಸಾಲಾಗಿ ಕೂತರು. ಹೆಂಗಸರು ಸರದಿಯ ಮೇಲೆ ಅವರ ಕಾಲು ತೊಳೆದು, ಹಣೆಗೆ ತಿಲಕ ಇಟ್ಟು, ಕೈಗೆ ಕೆಂಪು ದಾರ ಕಟ್ಟಿದರು. ರತ್ನಪ್ರಭಾ ಪಕ್ಕದಲ್ಲಿ ಕೂತು ಷರತ್ತು ಹಾಕಿದಳು: ಒಂದು ತುತ್ತಿಗೆ ಒಂದು ಗೊಂಬೆಯ ಕಥೆ. ಮೀನಿನ ಕಥೆಗೆ ಕಮಲೇಶ್ ಆಂಟಿಯ ಪೂರಿ, ಆಮೆಯ ಕಥೆಗೆ ಪಿಂಕಿ ಭಾಭಿಯ ಹಲ್ವಾ. ಅವಳ 'ಹೇ ರಾಜನ್', 'ಅತ್ಯಂತ ಪ್ರಸನ್ನ ಹೋಕರ್' ಎಲ್ಲ ಕೇಳಿ ಹುಡುಗಿಯರು ಬಾಯಿ ಬಿಟ್ಟುಕೊಂಡು ಕೂತರು, ಬಾಯಿ ಬಿಟ್ಟಾಗ ಹೆಂಗಸರು ತುತ್ತಿಟ್ಟರು. "ಆಂಟಿ ಟಿವಿಯಲ್ಲಿ ದೇವರು ಮಾತಾಡುವ ಹಾಗೆ ಮಾತಾಡುತ್ತಾರೆ" ಎಂದು ಒಬ್ಬಳು ಪ್ರೇರಣಾಳ ಕಿವಿಯಲ್ಲಿ ಹೇಳಿದಳು. ಪ್ರೇರಣಾ ಅಮ್ಮನ ಹತ್ತಿರ ಸರಿದು ಕೂತಳು.

ಬೆಳ್ಳಿಗೂದಲ ಕಮಲೇಶ್ ಆಂಟಿ ಮಂಡಿಯೂರಿ ಪ್ರೇರಣಾಳ ಪಾದ ಒರೆಸಿ ನಮಸ್ಕಾರ ಮಾಡಿದಾಗ ರತ್ನಪ್ರಭಾ ಕಥೆ ನಿಲ್ಲಿಸಿದಳು. ತನ್ನ ಮಗಳಿಗೆ ಈ ಊರಿನಲ್ಲಿ ಯಾರಾದರೂ ಹೀಗೆ ಕೈಮುಗಿದಾರು ಎಂದು ಅವಳು ಎಣಿಸಿರಲಿಲ್ಲ. ತಾವು ಮರದ ಗೊಂಬೆ ಕೂರಿಸುತ್ತೇವೆ, ಇವರು ಮಕ್ಕಳನ್ನೇ ಕೂರಿಸುತ್ತಾರೆ ಎಂದುಕೊಂಡಳು. ಅವಳಿಗೆ ಕಮಲೇಶ್ ಆಂಟಿಯ ಮೇಲೆ ತುಂಬ ಪ್ರೀತಿ ಬಂತು.

ವ್ರತ ಬಿಟ್ಟ ಹೆಂಗಸರು ಪೂರಿಯ ಜೊತೆಗೆ ಅವಳ ಕಡಲೆ ಉಸಲಿಯನ್ನು ಬಟ್ಟಲು ಬಟ್ಟಲು ತಿಂದರು. ಪಿಂಕಿ ಭಾಭಿ ಪಾತ್ರೆಯನ್ನೇ ಹತ್ತಿರ ಎಳೆದುಕೊಂಡರು. ಶಂಕರನಿಗೆ ಒಂದು ಕಾಳೂ ಉಳಿಯಲಿಲ್ಲ. ಅವನ ಮುಖದಲ್ಲಿ ಆ ದಿನ ಕಂಡ ಸಂತೋಷಕ್ಕೆ ಅದೂ ಒಂದು ಕಾರಣ.

ಮಧ್ಯಾಹ್ನ ಮನೆ ಗುಡಿಸುವಾಗ ಫೋನ್ ಕೈಗೆ ಸಿಕ್ಕಿತು. ಗಿರಿಜಮ್ಮನವರು ಬೆಳಗಿನಿಂದ ಮತ್ತೆ ಮತ್ತೆ ಕರೆ ಮಾಡಿದ್ದರು. ಇಂದು ನಿಜ ಹೇಳುತ್ತೇನೆ ಎಂದು ಅವಳು ನಿನ್ನೆಯೇ ನಿರ್ಧರಿಸಿದ್ದಳು. ಇವತ್ತು ಮನೆ ತುಂಬಿದೆ ಎಂದು ಆ ನಿರ್ಧಾರ ಬದಲಾಯಿಸುವುದು ಸರಿಯಲ್ಲ ಅನ್ನಿಸಿತು. ಕರೆ ಮಾಡಿದಳು.

"ಅತ್ತೆ, ಇವತ್ತು ಬೆಳಿಗ್ಗೆ ಮಕ್ಕಳು, ಹೆಂಗಸರು ತುಂಬಾ ಜನ ಬಂದಿದ್ರು. ಇದು ನಿಜ. ಆದ್ರೆ ಇಷ್ಟು ದಿನ ನಾನು ಹೇಳಿದ್ದು..."

"ಸುಳ್ಳು. ಗೊತ್ತು ಕಣೆ."

"ಪ್ರೇರಣಾ ಹೇಳಿದ್ಲಾ?"

"ಅವಳು ಯಾಕೆ ಹೇಳ್ತಾಳೆ. ಗೊಂಬೆ ಕೂರಿಸಿದ ಮನೆಯವಳಿಗೆ, ಜನ ಬಂದಿದ್ರೆ, ದೀಪ ಹಚ್ಚೋ ಹೊತ್ತಲ್ಲಿ ಫೋನ್ ಎತ್ತೋಕೆ ಪುರುಸೊತ್ತಿರತ್ತಾ? ನೀನು ದಿನಾ ಫೋನ್ ಮುಂದೆನೇ ಕೂತಿರ್ತಿದ್ದೆ. ಮದುವೆಗೆ ಹೊರಟವಳ ಹಾಗೆ ಸೀರೆ ಉಟ್ಕೊಂಡು, ಒಂದು ನೆರಿಗೆ ಸುಕ್ಕಿಲ್ದೆ. ನನಗೆ ಕಣ್ಣು ಕಾಣಲ್ವಾ?"

"ಮತ್ತೆ ಯಾಕೆ ಒಂದು ಮಾತೂ ಅನ್ಲಿಲ್ಲ ಅತ್ತೆ?"

"ಅಂದಿದ್ರೆ ನೀನು ವಾಪಸ್ ಕಳಿಸ್ತಿದ್ದೆ. ಮಾತು ಕೊಟ್ಟಿದ್ಯಲ್ಲ. ಇನ್ನೂ ಎರಡು ದಿನ ಇದೆ, ಯಾರಾದ್ರೂ ಬರ್ತಾರೆ, ಬರ್ಲಿ ದೇವರೇ ಅಂತ ನಾನೂ ಇಲ್ಲಿ ಕಾಯ್ತಿದ್ದೆ. ಇವತ್ತು ಅಷ್ಟಮಿ ಅಂತ ಬೆಳಿಗ್ಗೇನೇ ಮಾಡ್ದೆ, ಎಷ್ಟು ಸಲ ಮಾಡಿದ್ರೂ ನೀನು ಎತ್ತಲಿಲ್ಲ. ಎತ್ತದೆ ಇದ್ದಾಗ ಸಮಾಧಾನ ಆಯ್ತು. ಅಲಮಾರೀಲಿ ಪಾತ್ರೆ ಜೋಡಿಸ್ಕೊ, ಗೊಂಬೆ ಬರಲ್ಲ ಅಂತ ಆಗಲೇ ವಿಜಯನಿಗೆ ಹೇಳ್ಬಿಟ್ಟೆ."

ರತ್ನಪ್ರಭಾಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಬೆಳ್ಳಿಗೂದಲ ಆಂಟಿ ಪ್ರೇರಣಾಳ ಪಾದ ತೊಳೆದದ್ದನ್ನು ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಗಂಟೆ ನಿಲ್ಲುವ ಮೊದಲೇ ಹೆಂಗಸರ ದನಿಗಳು, ಮಕ್ಕಳ ದನಿಗಳು ಕೇಳಿಬಂದವು. ಎದುರು ಸಾಲಿನವರು, ಅವರ ಹಿಂದೆ ಇನ್ನೂ ಯಾರೋ, ಇವಳು ನೋಡೇ ಇಲ್ಲದವರು.

"ಅತ್ತೆ, ಆಮೇಲೆ ಮಾಡ್ತೀನಿ. ಯಾರೋ ಬಂದ್ರು."

"ಹೋಗು, ಹೋಗು" ಎಂದರು ಗಿರಿಜಮ್ಮ. "ಫೋನ್ ಇಡು ಮೊದಲು."